ಬೈಗುಳ ದಾಟಿಸದವನು

ನನ್ನ ಗೆಳೆಯನೊಬ್ಬ ಶುದ್ಧ ಸುಳ್ಳುಗಾರ ಎಂದರೆ ನಂಬುತ್ತೀರಾ? ಅದೂ ತನಗೋಸ್ಕರ ಒಂದೇ ಒಂದು ಸುಳ್ಳು ಹೇಳದ ಸುಳ್ಳುಗಾರ!

ಮೈಸೂರಿನ ವಿದ್ಯಾರಣ್ಯಪುರದ ಅವನ ಮನೆಯಲ್ಲಿ ಅಪ್ಪ ಅಮ್ಮ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಒಂದೇ ಸೂರು, ಒಂದೇ ಒಲೆ. ಮಾತೆಲ್ಲ ಮಗನ ಮೂಲಕ. "ಸಾರಿಗೆ ಉಪ್ಪು ಸುರಿದ್ಬುಟ್ಟವ್ಳೆ ಅಂತ ಹೇಳೋ" ಎಂದು ಅಪ್ಪ ಗುಡುಗಿದರೆ, ಇವನು ಅಡುಗೆಮನೆಗೆ ಹೋಗಿ, "ಅಮ್ಮಾ, ಸಾರು ಚೆನ್ನಾಗಿದ್ಯಂತೆ, ಉಪ್ಪು ಒಂಚೂರು ಮುಂದಂತೆ" ಎನ್ನುತ್ತಿದ್ದ. ಗುಡುಗು ಪಕ್ಕದ ಬೀದಿಗೇ ಕೇಳಿಸಿರುತ್ತಿತ್ತು! ಆದರೂ ಆ ತಾಯಿ ಮಗನ ಮಾತಿಗೇ ಕಾಯುತ್ತಿದ್ದರು.

ಇಂಥವನು ಕಾಲೇಜಿನ ಕೋಡಿಂಗ್ ಸ್ಪರ್ಧೆಗೆ ನಮ್ಮ ತಂಡ ಸೇರಿದ. ಸಿಟಿ ಬಸ್ಸು ಯಾವಾಗ ಬರುತ್ತದೆಂದು ಹೇಳುವ ಪ್ರೋಗ್ರಾಂ ನಮ್ಮದು. ಬಸ್ಸಿನ ಸುದ್ದಿ ತರುವ ಭಾಗವನ್ನು ಗೆಳತಿಯೊಬ್ಬಳು ಜಾವಾದಲ್ಲಿ ಬರೆದಳು. ಅದನ್ನು ಜನರಿಗೆ ತೋರಿಸುವ ಭಾಗ ನನ್ನದು, ಪೈಥಾನ್‌ನಲ್ಲಿ. ಒಂದರ ಭಾಷೆ ಇನ್ನೊಂದಕ್ಕೆ ತಿಳಿಯದು. ನಡುವೆ ನಿಂತು ಅತ್ತಲಿನದನ್ನು ಇತ್ತ ಮುಟ್ಟಿಸುವ ಕೋಡ್? "ಅದು ನಂಗೆ ಬುಟ್ಬುಡಿ" ಎಂದ. ಬಿಡದೆ ಇನ್ನೇನು! ಆ ಕೆಲಸದಲ್ಲಿ ಅವನಷ್ಟು ಸರ್ವೀಸ್ ಆದವರು ಮೈಸೂರಿನಲ್ಲಿ ಯಾರಿದ್ದರು?

ಓಡಿಸಿ ನೋಡಿದೆವು. ಜಾವಾ ಭಾಗ "ಬಸ್ಸು ಕೆಟ್ಟು ನಿಂತಿದೆ" ಎಂದು ಅರಚಿಕೊಂಡರೂ ನನ್ನ ಸ್ಕ್ರೀನಿನ ಮೇಲೆ "ಬಸ್ಸು ಇನ್ನೇನು ಬಂತು"! ಬಂದ ಎಡವಟ್ಟುಗಳನ್ನೆಲ್ಲ ಇವನ ಕೋಡ್ ನುಂಗಿಕೊಂಡು, ಒಳ್ಳೆಯ ಸುದ್ದಿ ಮಾತ್ರ ದಾಟಿಸುತ್ತಿತ್ತು.

"ಏನೋ ಇದು?" ಎಂದು ರೇಗಿದೆ.

"ಅದು ಅಷ್ಟು ಕೆಟ್ಟದಾಗಿ ಹೇಳಿದ್ನ ಹಂಗೇ ಹೇಳಕ್ಕಾಗತ್ತೇನೋ?"

"ಸ್ಟಾಪಲ್ಲಿ ನಿಂತೋರ ಗತಿ? ಇದ್ದಿದ್ದನ್ನ ಇದ್ದಂಗೆ ಹೇಳೋ ಮಾರಾಯ!"

"ಇದ್ದಂಗೇ ಹೇಳಿದ್ದಿದ್ರೆ ನಮ್ಮನೇಲಿ ಇಷ್ಟೊತ್ತಿಗೆ ಯಾರೂ ಇರ್ತಿರ್ಲಿಲ್ಲ ಕಣೋ" ಎಂದ. ಆಮೇಲೆ ಕೂತು ಎಲ್ಲವನ್ನೂ ತಿದ್ದಿದ. "ಫೈನಲ್‌ಗೆ ಇಬ್ರನ್ನೂ ಕರೀತೀನಿ. ಗೆದ್ರೆ, ಆ ಖುಷೀಲಿ ಒಂದು ಮಾತಾದ್ರೂ ಆಡ್ತಾರೆ, ನೋಡ್ತಿರು."

ಗೆದ್ದೆವು! ಇಬ್ಬರೂ ಬಂದಿದ್ದರು, ನಡುವೆ ಒಂದು ಕುರ್ಚಿ ಖಾಲಿ ಬಿಟ್ಟು ಕೂತಿದ್ದರು. ಅಮ್ಮ ಕಣ್ಣೊರೆಸಿಕೊಂಡು, "ನನ್ನ ಮಗ ಗೆದ್ದ ಅಂತ ಹೇಳು ಅವ್ರಿಗೆ" ಎಂದರು.

"ನೀನೇ ಹೇಳಮ್ಮ. ಇವತ್ತೊಂದಿನ."

ಆಕೆ ಸೆರಗು ಸರಿಮಾಡಿಕೊಂಡು ಬಾಗಿಲ ಕಡೆ ನೋಡಿದರು. ಅಪ್ಪ ಕನ್ನಡಕ ಒರೆಸುತ್ತಲೇ ಇದ್ದರು. ಇವನು ಟ್ರೋಫಿ ಹಿಡಿದುಕೊಂಡು ಕಾದ. ಹಾಲ್ ಖಾಲಿಯಾಗುವವರೆಗೂ ಕಾದ. ಕೊನೆಗೆ ಆ ನಡುವಿನ ಕುರ್ಚಿಯಲ್ಲಿ ಕೂತು, "ಅಪ್ಪಾ, ನಿಮ್ಮ ಮಗ ಗೆದ್ದ ಅಂತ ಅಮ್ಮಂಗೆ ತುಂಬಾ ಖುಷಿಯಂತೆ" ಎಂದ.



ಅಪ್ಪ ಕನ್ನಡಕ ಹಾಕಿಕೊಂಡು ಮೆಲ್ಲಗೆ ಕೇಳಿದರು: "ನಿಮ್ಮ ಮಗ ಅಂದಳೇನೋ?"

"ಹೂಂ, ಅಪ್ಪಾ."

ಅಮ್ಮ ಇಲ್ಲವೆನ್ನಲಿಲ್ಲ.