ಸಾಲಿನಲ್ಲಿ ನಿಲ್ಲದ ವಯೊಲೆಟ್

ನಿವೃತ್ತ ಮೇಷ್ಟರಿಗೆ ಶಿಸ್ತು ಕಲಿಸಲು ಮನೆಯಲ್ಲಿ ಯಾರೂ ಸಿಗುವುದಿಲ್ಲ. ಹೆಂಡತಿಯಿಲ್ಲವೇ ಎನ್ನಬೇಡಿ, ಅವಳು ಈ ಮನೆಯ ಮುಖ್ಯೋಪಾಧ್ಯಾಯಿನಿ. ಆದ್ದರಿಂದಲೇ ಒಂದು ಬೆಳಿಗ್ಗೆ ಕಾಲುವೆಯ ದಂಡೆಯಲ್ಲಿ ಕಾಡು ವಯೊಲೆಟ್ ಕಂಡಾಗ, ಒಂದು ಹೊಸ ತರಗತಿಯೇ ದೊರೆತಷ್ಟು ಸಂತೋಷವಾಯಿತು. ಉಗುರಿನಷ್ಟು ಹೂ, ಗಾಢ ನೇರಳೆ ಬಣ್ಣ. ಬೇರಿಗೆ ಅಂಟಿದ ಮಣ್ಣಿನ ಸಮೇತ ಅಗೆದು, ಕೊಡೆಯನ್ನು ತಲೆಕೆಳಗು ಮಾಡಿ ಅದರಲ್ಲಿ ತುಂಬಿಕೊಂಡು ಬಂದೆ. (ದಾರಿಯಲ್ಲಿ ಮಳೆ ಹಿಡಿಯಿತು. ಹೂಗಳೆಲ್ಲ ಉದುರಿದವು, ನಾನು ನೆನೆದೆ.)

“ರೀ, ಅಂಗಳದ ಕಳೆ ಕೀಳಿ ಅಂತ ತಿಂಗಳಿಂದ ಬಡ್ಕೋತಿದ್ದೀನಿ. ನೀವು ಹೊರಗಿಂದ ಹೊತ್ತು ತರ್ತಿದ್ದೀರಲ್ಲ!”

“ಇದು ಕಳೆಯಲ್ಲ, ಇದಕ್ಕೊಂದು ಹೆಸರಿದೆ.”

“ಹೆಸರು ನಿಮಗೂ ಇದೆ.”

ನಾನು ಅಂಗಳದಲ್ಲಿ ಪಾತಿ ಮಾಡಿದೆ. ದಾರ ಕಟ್ಟಿ, ಫುಟ್‌ರೂಲಿನಿಂದ ಅಳೆದು, ಅರ್ಧ ಅಡಿಗೊಂದರಂತೆ ನಾಲ್ಕು ಸಾಲು ನೆಟ್ಟೆ. ಆಮೇಲೆ ನನ್ನ ಹಳೆಯ ಶಿಷ್ಯೆ ‘ಕಿಟಕಿ’ಗೆ ಫೋನು ಮಾಡಿದೆ. ಪಾಠದ ಹೊತ್ತಿನಲ್ಲಿ ಸದಾ ಕಿಟಕಿಯಾಚೆ ನೋಡುತ್ತಿದ್ದುದರಿಂದ ನಾನೇ ಇಟ್ಟ ಹೆಸರು ಅದು. ಎಷ್ಟೋ ಸಲ ಅವಳನ್ನು ತರಗತಿಯ ಹೊರಗೆ ನಿಲ್ಲಿಸಿದ್ದೇನೆ. ಈಗ ಅವಳು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾಳೆ.

“ಕಾಡು ವಯೊಲೆಟ್ ಹೇಳಿದ ಮಾತು ಕೇಳಲ್ಲ, ಮೇಷ್ಟ್ರೇ. ನಿಮ್ಮ ಹತ್ತಿರ ಹೂ ಬಿಟ್ಟರೆ ನಾನೇ ಬಂದು ನೋಡ್ತೀನಿ” ಎಂದಳು.

ಮೂವತ್ತೈದು ವರ್ಷ ಮಕ್ಕಳನ್ನು ತಿದ್ದಿದವನ ಮಾತನ್ನು ಒಂದು ಗಿಡ ಕೇಳುವುದಿಲ್ಲವೇ? ಅಲ್ಲಿಗೆ ಅದು ನನ್ನ ಮಾನದ ಪ್ರಶ್ನೆಯಾಯಿತು.

ಕೆಲವೇ ವಾರಗಳಲ್ಲಿ ಪಾತಿಯಲ್ಲಿ ಎರಡು ಬಗೆಯ ಗಿಡಗಳು ಕಾಣಿಸಿಕೊಂಡವು. ಕೆಲವು ಎದೆ ಸೆಟೆಸಿ ನೆಟ್ಟಗೆ ನಿಂತವು. ಉಳಿದವು ಕತ್ತು ಬಗ್ಗಿಸಿಕೊಂಡು, ದಾರ ದಾಟಿ, ಪಕ್ಕದ ಸಾಲಿಗೆ ನುಸುಳತೊಡಗಿದವು. ಯಾವುದು ವಯೊಲೆಟ್, ಯಾವುದು ಕಳೆ? ಮೇಷ್ಟರಾದವನಿಗೆ ಇದೂ ಒಂದು ಪ್ರಶ್ನೆಯೇ! ಅಡ್ಡಾದಿಡ್ಡಿಯಾದವುಗಳನ್ನು ಬುಡಸಮೇತ ಕಿತ್ತು, ಹಿತ್ತಿಲ ಬಟ್ಟೆ ಒಗೆಯುವ ಕಲ್ಲಿನಾಚೆ ಎಸೆದೆ.

“ಪಾಪ, ಅವನ್ಯಾಕೆ ಕಿತ್ರಿ?” ಎಂದಳು ಇವಳು.

“ಸಾಲಿನಲ್ಲಿ ನಿಲ್ಲದವರಿಗೆ ನನ್ನ ತರಗತಿಯಲ್ಲಿ ಜಾಗವಿಲ್ಲ.”

ಉಳಿದವಕ್ಕೆ ದಿನವೂ ಹಾಜರಿ, ಗೊಬ್ಬರ, ಹಿತವಚನ. ಮೊಣಕಾಲೆತ್ತರ ಬೆಳೆದು ಮೊಗ್ಗೂ ಬಿಟ್ಟವು. ಕಿಟಕಿಯನ್ನು ಭಾನುವಾರಕ್ಕೆ ಕರೆದೆ.

ಅವಳು ಬಂದು ಪಾತಿಯ ಮುಂದೆ ಕುಳಿತಳು. ನಾನು ಫುಟ್‌ರೂಲಿನಿಂದ ಒಂದೊಂದೇ ಸಾಲು ತೋರಿಸಿದೆ. ತುಟಿ ಕಚ್ಚಿಕೊಂಡು ಹೇಳಿದಳು:

“ಎಷ್ಟು ಚೆನ್ನಾಗಿ ಬೆಳೆಸಿದ್ದೀರಿ, ಮೇಷ್ಟ್ರೇ.”

“ವಯೊಲೆಟ್ ಅಲ್ಲವೇ ಮತ್ತೆ!”

“ಅದೊಂದನ್ನು ಕೇಳಬೇಡಿ. ಇಷ್ಟು ಶಿಸ್ತಿನ ಕಳೆಯನ್ನ ನಾನೆಲ್ಲೂ ನೋಡಿಲ್ಲ.”

ಅಷ್ಟರಲ್ಲಿ ಹಿತ್ತಿಲಿನಿಂದ ಇವಳ ಧ್ವನಿ: “ಮಣ್ಣು ಮುಟ್ಟಿದ್ದು ಸಾಕು, ಕೈ ತೊಳ್ಕೋ ಬಾ ಮಗಳೇ.”

ಹೋದ ಕಿಟಕಿ ಅಲ್ಲಿಂದಲೇ ಕಿರುಚಿದಳು. ಓಡಿಹೋಗಿ ನೋಡಿದರೆ, ಒಗೆಯುವ ಕಲ್ಲಿನ ಸುತ್ತ ನೇರಳೆ ಜಮಖಾನ ಹಾಸಿದಂತೆ ವಯೊಲೆಟ್! ಒಂದೊಂದು ಹೂವೂ ಕತ್ತು ಬಗ್ಗಿಸಿಕೊಂಡು ನನ್ನನ್ನು ನೋಡಿ ನಗುತ್ತಿತ್ತು.

“ಅಮ್ಮಾ, ಹೇಗೆ ಬೆಳೆಸಿದ್ರಿ?”

“ನಾನೇನು ಮಾಡ್ದೆ? ಇವರು ಕ್ಲಾಸಿನಿಂದ ಹೊರಗೆ ಹಾಕಿದ್ರು. ಕಾಲಲ್ಲಿ ಒಂದಿಷ್ಟು ಮಣ್ಣು ತಳ್ಳಿ, ತರಕಾರಿ ತೊಳೆದ ನೀರು ಚೆಲ್ಲಿ, ಅವುಗಳ ಪಾಡಿಗೆ ಬಿಟ್ಟೆ.”

ಕಿಟಕಿ ನಕ್ಕಳು. “ನಾನು ಗಿಡಗಳ ಹೆಸರು ಕಲಿತಿದ್ದೂ ಹಾಗೇ ಅಮ್ಮ. ಹೊರಗೆ ನಿಲ್ಲಿಸಿದಾಗ ನೋಡೋಕೆ ಶಾಲೆ ಬೇಲಿ ಬಿಟ್ಟು ಇನ್ನೇನಿತ್ತು?”

ಇಬ್ಬರೂ ಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಮಾತಿಗಿಳಿದರು. ನಾನೂ ಮೆಲ್ಲನೆ ಹತ್ತಿರ ಹೋದೆ.

“ರೀ, ತುಳಿದೀರಿ! ಅಲ್ಲೇ ಹೊರಗೆ ನಿಂತಿರಿ” ಎಂದಳು ಮುಖ್ಯೋಪಾಧ್ಯಾಯಿನಿ.

ಫುಟ್‌ರೂಲನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು, ಕತ್ತು ಬಗ್ಗಿಸಿಕೊಂಡು, ಹೊರಗೆ ನಿಂತೆ.