ಸಿಮೆಂಟಿನ ಮೇಲೆ ನೇಗಿಲು ಹೂಡಿದ ಮಾವ

ಇಡೀ ಮುಂಬಯಿಯಲ್ಲಿ ನೇಗಿಲಿನ ವಿಷಯ ನಮ್ಮ ಸೋದರಮಾವನಷ್ಟು ತಿಳಿದವರು ಇನ್ನೊಬ್ಬರಿರಲಿಲ್ಲ. ಇದು ನನ್ನ ಮಾತಲ್ಲ, ಅವರದೇ. ಅಲ್ಲ ಅನ್ನುವುದಾದರೂ ಹೇಗೆ? ಮುಂಬಯಿಯಲ್ಲಿ ನೇಗಿಲಿನ ವಿಷಯ ತಿಳಿದುಕೊಳ್ಳುವ ದರ್ದು ಬೇರೆ ಯಾರಿಗಿತ್ತು! ಕೊರತೆಯೆಂದರೆ ಒಂದೇ. ಇಪ್ಪತ್ತು ವರ್ಷ ಟ್ರಾಕ್ಟರುಗಳಿಗೆ ನೇಗಿಲು ಜೋಡಿಸಿ ಕಳಿಸಿದ ಈ ಮಹಾಶಯರು, ತಾವು ಜೋಡಿಸಿದ ಒಂದೇ ಒಂದು ನೇಗಿಲು ನೆಲ ಉಳುವುದನ್ನು ಕಣ್ಣಾರೆ ಕಂಡಿರಲಿಲ್ಲ.

ಊರಲ್ಲಾದರೂ ಕಂಡಿರಬಹುದಲ್ಲ ಎಂದು ನೀವು ಕೇಳಬಹುದು. ನಮ್ಮವ್ವನ ತವರಿನವರಿಗೆ ಅಂಗೈಯಗಲ ಹೊಲವೂ ಇರಲಿಲ್ಲ. ಅಜ್ಜ ಗದಗಿನ ಪೇಟೆಯಲ್ಲಿ ಹೊಲಿಗೆ ಯಂತ್ರ ತುಳಿದೇ ಜೀವ ತೇಯ್ದವರು. ಅವರ ಮಗ ಹೊಟ್ಟೆಪಾಡಿಗೆ ಮುಂಬಯಿ ಸೇರಿ, ಕುರ್ಲಾ ಸ್ಟೇಷನ್ನಿನ ಆಚೆ ಒಂದು ತಗಡಿನ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆದರು. ಎಪ್ಪತ್ತರ ಆಸುಪಾಸಿನಲ್ಲಿ ನಾನು ಮದುವೆಯಾಗಿ ಪರೇಲಿನ ಚಾಳಿಗೆ ಬಂದಾಗ, ಈ ಊರಲ್ಲಿ ನನಗೆ ರಕ್ತಸಂಬಂಧ ಅಂತ ಇದ್ದವರು ಅವರೊಬ್ಬರೇ. ನಮ್ಮ ಮನೆಯವರಿಗೆ ಮಿಲ್ಲಿನ ಪಾಳಿ. ಅವರು ಮನೆಯಲ್ಲಿದ್ದಾಗ ನಿದ್ದೆ, ಎಚ್ಚರವಿದ್ದಾಗ ಮಿಲ್ಲು. ಹೀಗಾಗಿ ವಾರಕ್ಕೊಮ್ಮೆ ಭಾನುವಾರ ಮಾವ ಬಂದು ಬಾಗಿಲಲ್ಲಿ ಕೆಮ್ಮಿದರೆ ನನಗೆ ಹಬ್ಬ. ಒಳಗೆ ಬಂದು ಅವರು ಆಡುತ್ತಿದ್ದ ಮಾತೆಲ್ಲ ಟ್ರಾಕ್ಟರಿನದೇ. ಆದರೇನು, ಕನ್ನಡದಲ್ಲಿ ತಾನೆ?

ಕೇಳಿ ಕೇಳಿ ನನಗೂ ಅದು ಬಾಯಿಪಾಠವಾಯಿತು. ತೋಟದವರು ಕೊಳ್ಳುವ ಗಿಡ್ಡ ಟ್ರಾಕ್ಟರಿನ ಬೆನ್ನಿಗೆ ಮೂರು ಕಬ್ಬಿಣದ ತೋಳುಗಳಿರುತ್ತವೆ. ಕೆಳಗಿನ ಎರಡು ನೇಗಿಲನ್ನು ಹೊರುತ್ತವೆ. ಹೈಡ್ರಾಲಿಕ್ ಎಣ್ಣೆಯ ಒತ್ತಡಕ್ಕೆ ಅವು ಏಳುತ್ತವೆ, ಇಳಿಯುತ್ತವೆ. ಮೇಲಿನದೊಂದು ನೇಗಿಲು ಮಗುಚದ ಹಾಗೆ ಹಿಡಿದಿರುತ್ತದೆ. ಅದನ್ನು ತಿರುಗಿಸಿ ಗಿಡ್ಡ ಮಾಡಿದರೆ ನೇಗಿಲಿನ ಮೂತಿ ನೆಲ ಕಚ್ಚುತ್ತದೆ, ಉದ್ದ ಮಾಡಿದರೆ ಬಾಲ ಕೂರುತ್ತದೆ. ಬಲಗಡೆಯ ತೋಳಿಗೆ ಒಂದು ಹಿಡಿಕೆ. ಅದನ್ನು ಸುತ್ತಿದರೆ ಆ ಕಡೆ ಏಳುತ್ತದೆ, ಇಲ್ಲವೆ ಇಳಿಯುತ್ತದೆ. ಸೀಟಿನ ಪಕ್ಕ ಇನ್ನೊಂದು ಸನ್ನೆಕೋಲು: ಹೇಳಿದಷ್ಟೇ ಆಳ ಹೋಗಬೇಕೋ, ನೆಲ ಬಿಗಿಯಾದಾಗ ನೇಗಿಲು ತಾನೇ ತುಸು ಮೇಲೇಳಬೇಕೋ, ಅದನ್ನು ಆರಿಸುವುದಕ್ಕೆ. ಯಾವ ರೈತನಿಗೆ ಯಾವುದು ಎಷ್ಟು ಎಂದು ತೀರ್ಮಾನಿಸುವವರು ನಮ್ಮ ಮಾವ. ಬೇರೆ ಫಿಟ್ಟರುಗಳು ಅರ್ಧ ಗಂಟೆಯಲ್ಲಿ ಮುಗಿಸುವ ಕೆಲಸಕ್ಕೆ ಇವರಿಗೆ ಒಂದು ದಿನ ಬೇಕು.

ಟ್ರಾಕ್ಟರು ಕೊಳ್ಳಲು ಬಂದವನನ್ನು ಮೊದಲು ಸ್ಟೂಲಿನ ಮೇಲೆ ಕೂರಿಸುವರು. "ಮಾತೀ ಕಶೀ ಆಹೇ? ಕಾಳೀ ಕೀ ತಾಂಬಡೀ?" ಮಣ್ಣು ಕಪ್ಪೋ ಕೆಂಪೋ ಎಂಬಲ್ಲಿಂದ ವಿಚಾರಣೆ ಶುರು. ಬೇಸಿಗೆಯಲ್ಲಿ ಬಿರುಕು ಬಿಟ್ಟರೆ ಅದರಲ್ಲಿ ಬೆರಳು ಹೋಗುತ್ತದೋ, ಇಡೀ ಕೈ ಹೋಗುತ್ತದೋ? ಮಳೆ ಬಿದ್ದರೆ ಚಪ್ಪಲಿಗೆ ಅಂಟುತ್ತದೋ, ಚಪ್ಪಲಿಯನ್ನೇ ಕಿತ್ತುಕೊಳ್ಳುತ್ತದೋ? ಹೆಣ್ಣು ನೋಡಲು ಬಂದ ಬೀಗರೂ ಇಷ್ಟು ಕೇಳುವುದಿಲ್ಲ. ಉತ್ತರ ಸಮಾಧಾನವಾಗದಿದ್ದರೆ, "ಹಿಡಿ ಮಣ್ಣು ತಂದು ತೋರಿಸು" ಎಂದು ಊರಿಗೆ ವಾಪಸು ಅಟ್ಟುವರು. ಬಡಪಾಯಿ ರೈತ ಮುಂದಿನ ವಾರ ಕರ್ಚೀಫಿನಲ್ಲಿ ಮಣ್ಣು ಕಟ್ಟಿಕೊಂಡು ಲೋಕಲ್ ರೈಲಿನಲ್ಲಿ ನಿಂತು ಬರುವನು.

ಆ ಮಣ್ಣುಗಳೆಲ್ಲ ಮಾವನ ಕೋಣೆಯಲ್ಲಿದ್ದವು. ಕುರ್ಲಾದ ಚಾಳಿನಲ್ಲಿ ಹತ್ತಡಿಯ ಕೋಣೆ, ಗೋಡೆ ತುಂಬ ಹಲಗೆ, ಹಲಗೆ ತುಂಬ ತಗಡಿನ ಡಬ್ಬಿ. ಒಮ್ಮೆ ಅವರಿಗೆ ಜ್ವರ ಎಂದು ನೋಡಲು ಹೋಗಿದ್ದೆ. ಚಹಾ ಮಾಡೋಣವೆಂದು ಕಪ್ಪಗೆ, ಉದುರುದುರಾಗಿ ಕಂಡ ಡಬ್ಬಿಯಿಂದ ಎರಡು ಚಮಚೆ ಹಾಕಿ ಕುದಿಸಿದೆ. ಕೋಣೆಯಲ್ಲಿದ್ದದ್ದು ಒಂದೇ ತಟ್ಟೆ, ಒಂದೇ ಲೋಟ. ಲೋಟ ನನಗೆ ಕೊಟ್ಟು ತಾವು ಡಬ್ಬಿಯ ಮುಚ್ಚಳದಲ್ಲಿ ಹೊಯ್ಯಿಸಿಕೊಂಡರು. ಒಂದು ಗುಟುಕು ಕುಡಿದು, ನಾಲಿಗೆ ಚಪ್ಪರಿಸಿ, ಕಣ್ಣು ಮುಚ್ಚಿ ಹೇಳಿದರು:

"ಯವ್ವಾ, ಇದು ನಾಶಿಕ ಕಡೇ ಮಣ್ಣು. ಚಾ ಪುಡಿ ಆ ಕಡೇ ಹಲಗಿ ಮ್ಯಾಲ ಐತಿ."

ಉಗುಳಲಿಲ್ಲ ಎನ್ನುವುದೇ ನನಗೆ ಆಶ್ಚರ್ಯ. ನಾನು ಮಾತ್ರ ಲೋಟ ಹಿಡಿದು ಮೋರಿಗೆ ಓಡಿದೆ.

ಅವರ ಅಂಗಿಯ ಜೇಬಿನಲ್ಲಿ ಸದಾ ಗಾರೆಯವರ ರಸಮಟ್ಟವೊಂದು ಇರುತ್ತಿತ್ತು. ಗಾಜಿನ ನಳಿಗೆಯೊಳಗಿನ ಗುಳ್ಳೆ ನಟ್ಟನಡುವೆ ನಿಂತರೆ ಮಟ್ಟಸ, ಇಲ್ಲವಾದರೆ ವಾರೆ. ನೇಗಿಲಿಗೆ ಇಟ್ಟು ನೋಡಲಿ, ಬೇಡ ಅಂದವರಾರು? ಒಂದು ಭಾನುವಾರ ನನ್ನನ್ನು ಕರೆದೊಯ್ದ ಮಾಟುಂಗದ ಉಡುಪಿ ಹೋಟೆಲಿನ ಮೇಜಿಗೂ ಇಡಬೇಕೆ! ಗುಳ್ಳೆ ಒಂದು ಬದಿಗೆ ಸರಿಯಿತು. ಸರಿ, ಮೇಜಿನ ಕಾಲಿಗೆ ಬಸ್ ಟಿಕೆಟು ಮಡಿಸಿ ತುರುಕಿದ್ದಾಯಿತು. ಸಾಲಲಿಲ್ಲ. ನನ್ನ ಟಿಕೆಟನ್ನೂ ಇಸಕೊಂಡರು. ದೋಸೆ ತಂದ ಸಪ್ಲಾಯರ್ ತಟ್ಟೆ ಹಿಡಿದು ನಿಂತೇ ಇದ್ದ.

"ತಣಿತದೆ ಮಾರಾಯ್ರೆ. ನೀವು ತಿಂಡಿ ತಿನ್ಲಿಕ್ಕೆ ಬಂದದ್ದಾ, ಹೋಟ್ಲು ಕಟ್ಲಿಕ್ಕೆ ಬಂದದ್ದಾ?"

"ವಾರಿ ಮೇಜಿನ ಮ್ಯಾಲ ಸಾಂಬಾರ ಒಂದ ಕಡೆ ಹರೀತೈತಿ ತಮ್ಮಾ," ಎಂದರು ಮಾವ, ಮೇಜಿನ ಅಡಿಯಿಂದಲೇ.

"ಹರೀಲಿ ಬಿಡಿ, ನಾಳೆ ಯಾರಾದ್ರೂ ಮೇಜು ಒರೆಸ್ತಾರೆ. ಟಿಕೆಟು ಯಾರು ತೆಗೀತಾರೆ?"

ಮಾವ ಮೇಜಿನ ಅಡಿಯಿಂದ ಎದ್ದು ದೋಸೆ ಮುರಿದರು. ಮುಂದಿನ ಭಾನುವಾರವೂ ಅದೇ ಮೇಜು ಹುಡುಕಿ ಕೂತರು.

ಇಷ್ಟೆಲ್ಲ ನಗೆಪಾಟಲಿನ ಒಳಗೆ ಅವರಿಗೊಂದು ಹಪಹಪಿ ಇತ್ತು. ತಾನು ಕೂರಿಸಿ ಕಳಿಸಿದ್ದು ಮಣ್ಣಿನಲ್ಲಿ ಸರಿಹೋಯಿತೋ ಇಲ್ಲವೋ ತಿಳಿಯಬೇಕು, ಅಷ್ಟೇ. ಅದಕ್ಕಾಗಿ ಅಂಚೆ ಕಚೇರಿಯಿಂದ ಜೋಡಿ ಕಾರ್ಡು ತರುತ್ತಿದ್ದರು. ಒಂದರಲ್ಲಿ ನಾವು ಬರೆದರೆ ಇನ್ನೊಂದನ್ನು ಹರಿದು ಅವರು ಪುಕ್ಕಟೆ ಉತ್ತರ ಹಾಕಬಹುದು. "ನೇಗಿಲು ಹೇಗೆ ಹೋಯಿತು? ಮುಂದೆ ಆಳವೋ, ಹಿಂದೆ ಆಳವೋ?" ಎಂದು ಮರಾಠಿಯಲ್ಲಿ ಬರೆದು, ತಮ್ಮ ವಿಳಾಸ ಹಾಕಿ, ಪ್ರತಿ ಟ್ರಾಕ್ಟರಿನ ಮೇಲಿನ ತೋಳಿಗೆ ತಂತಿಯಿಂದ ಕಟ್ಟಿ ಕಳಿಸುವರು. ಅಲ್ಲಿಂದ ಕಾಯುವುದು. ಅಂಚೆಯವನು ಚಾಳಿನ ಮೆಟ್ಟಿಲು ಹತ್ತಿದರೆ ಇವರು ಬಾಗಿಲಿಗೆ ಬಂದು ನಿಲ್ಲುವರು. ಅಷ್ಟು ವರ್ಷಗಳಲ್ಲಿ ಬಂದ ಉತ್ತರ ಒಂದೇ ಒಂದು: "ಸೀಟಿನ ಸ್ಪ್ರಿಂಗ್ ಕಿರುಗುಟ್ಟುತ್ತದೆ." ಅದನ್ನೂ ನನಗೆ ತಂದು ತೋರಿಸಿದರು. ಅಕ್ಷರ ಚೆನ್ನಾಗಿದೆ ಎಂದರು.

"ನೀವ ಒಂದ ಸಲ ಹೋಗಿ ನೋಡಿ ಬರ್ರಲ್ಲ ಮಾವಾ," ಎಂದೆ.

"ಕರೀಲಾರದ ಹ್ಯಾಂಗ ಹೋಗೂದವ್ವ? ಮಾಡಿದ್ದ ಕೆಲಸಾ ತಪಾಸ ಮಾಡಾಕ ಬಂದಾನಂತ ತಿಳೀತಾರ."

ಕರೆಯದ ಮನೆಗೆ ಹೋಗಬಾರದು ಎಂಬುದು ನಮ್ಮಜ್ಜ ಕಲಿಸಿದ್ದು. ಆದರೆ ಈ ಊರಲ್ಲಿ ಯಾರು ಯಾರನ್ನು ಕರೆಯುತ್ತಾರೆ? ಆ ಮೆಟ್ಟಿಲ ಸದ್ದಿಗೆ ಕಿವಿ ಕೊಟ್ಟು ಕೂರುವುದೆಂದರೇನು ಎಂಬುದು ನನಗೂ ಗೊತ್ತಿತ್ತು. ಈ ಊರಿಗೆ ಬಂದ ಮೂರು ವರ್ಷದಿಂದ ನಾನೂ ಅದನ್ನೇ ಮಾಡುತ್ತಿದ್ದೆ.

ಒಂದು ಭಾನುವಾರ ಮಾವ ಕೆಮ್ಮದೆಯೇ ಒಳಗೆ ಬಂದರು. ಕೈಯಲ್ಲಿ ಕಾರ್ಡು. ಬದ್ಲಾಪುರದ ಒಬ್ಬ ರೈತ ಬರೆದಿದ್ದ: ಮಳೆ ಬಿದ್ದಿದೆ, ಬುಧವಾರ ಉಳುಮೆ, ನೋಡಲು ಬನ್ನಿ. ನನ್ನನ್ನೂ ಹೊರಡಿಸಿದರು. ಬುಧವಾರ ಇಸ್ತ್ರಿಯ ಅಂಗಿ, ತಲೆಗೆ ಎಣ್ಣೆ, ಪೇಡೆಯ ಪೊಟ್ಟಣ. ಬೀಗರ ಮನೆಗೆ ಹೊರಟ ಠೀವಿ! ಕಲ್ಯಾಣ ದಾಟುವ ತನಕ ರಸಮಟ್ಟವನ್ನು ಎರಡು ಸಲ ಹೊರಗೆ ತೆಗೆದು ಒರೆಸಿದರು.

ರೈತ ಮೂವತ್ತರ ಪ್ರಾಯದವನು, ಮಾಮಾ ಮಾಮಾ ಎಂದು ಬಾಯಿತುಂಬ ಕರೆದ. ಟ್ರಾಕ್ಟರು ಗದ್ದೆಗಿಳಿಯಿತು. ಮೊದಲ ಸಾಲು ಈ ಬದುವಿನಿಂದ ಆ ಬದುವಿಗೆ ಗೆರೆ ಕೊರೆದ ಹಾಗೆ ಹೋಯಿತು. ಮಣ್ಣು ಒಂದೇ ಸಮನಾಗಿ ಮಗುಚಿ ಬಿತ್ತು. ಮಾವ ಉಸಿರು ಬಿಟ್ಟರು. "ನೋಡಿದೇನವ್ವಾ," ಎಂದರು. ನೋಡಿದೆ. ಅವರ ಮುಖವನ್ನೂ ನೋಡಿದೆ.

ಎರಡನೆಯ ಸಾಲಿಗೆ ತಿರುಗಿದಾಗ ಟ್ರಾಕ್ಟರಿನ ಬಲಗಾಲಿ ಮೊದಲ ಸಾಲಿನೊಳಗೆ ಇಳಿಯಿತು. ಗಾಡಿ ಬಲಕ್ಕೆ ವಾಲಿತು, ಅದರ ಜೊತೆ ನೇಗಿಲೂ. ರೈತ ನಿಲ್ಲಿಸಿ, ಇಳಿದು, ಬಲತೋಳಿನ ಹಿಡಿಕೆಯನ್ನು ನಾಲ್ಕು ಸುತ್ತು ತಿರುಗಿಸಿ ಮೇಲೆತ್ತಿದ. ಮಾವ ಕೆಸರಿನಲ್ಲೇ ಓಡಿದರು. ಯಾಕೆ ಬದಲಿಸಿದೆ ಎಂದು ಕೇಳಿದರು. ಅವನು ಮರಾಠಿಯಲ್ಲಿ ಸಾವಕಾಶವಾಗಿ ಹೇಳಿದ: "ಒಂದು ಗಾಲಿ ಸಾಲೊಳಗೆ ಓಡುತ್ತದಲ್ಲ ಮಾಮಾ. ಎರಡನೇ ಸಾಲಿಗೆ ಎಲ್ಲರೂ ಹೀಗೆ ಎತ್ತಲೇಬೇಕು. ಮೊದಲ ಸಾಲು ಮಾತ್ರ ನಿಮ್ಮದು. ಹೊಸ ಗದ್ದೆಗೆ ಇಳಿದಾಗೆಲ್ಲ ಈ ನಾಲ್ಕು ಸುತ್ತು ಬಿಚ್ಚಿ ನೀವು ಕೂರಿಸಿದ ಜಾಗಕ್ಕೇ ತರುತ್ತೇನೆ. ಅದು ಸೊಟ್ಟಾದರೆ ಮುಂದಿನದೆಲ್ಲ ಸೊಟ್ಟ."

ಕಡೆಯ ಮಾತು ಮಾವನಿಗೆ ಕೇಳಿಸಿತೋ ಇಲ್ಲವೋ. "ಎಲ್ಲಾರೂ?" ಎಂದಷ್ಟೇ ಕೇಳಿದರು. ಹೌದು, ಎಲ್ಲರೂ. ಇಪ್ಪತ್ತು ವರ್ಷ ಗುಳ್ಳೆ ನಡುವೆ ನಿಲ್ಲುವ ತನಕ ಅನ್ನ ಬಿಟ್ಟು ಕೂರಿಸಿದ್ದನ್ನು, ಪ್ರತಿಯೊಬ್ಬ ರೈತನೂ ಎರಡನೆಯ ಸಾಲಿಗೇ ತಿರುಗಿಸಿದ್ದ. ವರ್ಕ್‌ಶಾಪಿನ ಸಿಮೆಂಟಿನ ಮೇಲೆ ಸಾಲು ಇರುವುದಿಲ್ಲ, ಗಾಲಿ ಇಳಿಯುವುದಿಲ್ಲ. ಮಾವನಿಗೆ ಹೊಳೆಯುವುದಾದರೂ ಹೇಗೆ? ಕಾರ್ಡು ಕಟ್ಟಿ ಕಟ್ಟಿ ಕೇಳಿದರೂ ಒಬ್ಬರೂ ಬರೆದು ತಿಳಿಸಿರಲಿಲ್ಲ. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದೆ ಕಣ್ಣಲ್ಲಿ ನೀರೂ ಬಂತು.

ಮಾವ ಚಪ್ಪಲಿ ಕಳಚಿ ಬದುವಿನ ಮೇಲಿಟ್ಟು, ಬಲಗಾಲನ್ನು ಸಾಲಿನೊಳಗೆ, ಎಡಗಾಲನ್ನು ಉಳದ ನೆಲದ ಮೇಲೆ ಊರಿ, ಟ್ರಾಕ್ಟರು ಹೋದ ಹಾಗೆಯೇ ವಾಲಿಕೊಂಡು ನಡೆಯತೊಡಗಿದರು. ನಾಲ್ಕು ಹೆಜ್ಜೆಗೆ ಜೋಲಿ ಹೊಡೆದರು. ನಾನು ಓಡಿ ಹೋಗಿ ಪಕ್ಕದಲ್ಲಿ ನಿಂತೆ.

"ಬೀಳ್ತೀರಿ ಮಾವಾ. ಸಾಕ ಬರ್ರಿ."

"ತಡಿಯವ್ವ. ಇದ ಹ್ಯಾಂಗ ನಡೀತೈತಂತ ಕಾಲಿಗೆ ತಿಳೀಬೇಕು. ನೀ ಇಲ್ಲೇ ಬಾಜೂಕ ಬಾ."

ಅಂಥ ಮನುಷ್ಯ, ಲೋಕಲ್ಲಿನ ನೂಕುನುಗ್ಗಲಿನಲ್ಲೂ ಯಾರ ಮೈಗೂ ತಾಗದೆ ನಿಲ್ಲುತ್ತಿದ್ದವರು, ನನ್ನ ಹೆಗಲ ಮೇಲೆ ಕೈಯಿಟ್ಟು ಭಾರ ಬಿಟ್ಟರು. ಸಾಲು ಉದ್ದವಾಗಿತ್ತು. ಮುಗಿಯುವ ತನಕ ಅವರು ಕೈ ತೆಗೆಯಲಿಲ್ಲ, ನಾನೂ ಬೇಗ ಬೇಗ ನಡೆಯಲಿಲ್ಲ.