ಕೆಟ್ಟಿರುವ ಪಂಪೇ ಬೇಕು!

"ಈ ಬ್ಯಾಂಕಿನಿಂದ ನನ್ನ ದುಡ್ಡು ಕಕ್ಕಿಸದೇ ಇದ್ರೆ ನಾನು ಇನ್‌ಸ್ಪೆಕ್ಷನ್ ಅಂಜನಮೂರ್ತಿನೇ ಅಲ್ಲ!"

ಎರಡು ಸಾವಿರದ ಮೂರನೇ ಇಸವಿಯ ಒಂದು ಭಾನುವಾರ, ಕಮ್ಮನಹಳ್ಳಿಯ ತನ್ನ ಮನೆಯ ಮುಂದೆ, ಬಾನೆಟ್ ತೆರೆದ ಕಾರಿನ ಪಕ್ಕದಲ್ಲಿ ಸ್ಪ್ಯಾನರ್ ಎತ್ತಿ ಹಿಡಿದು ಅಂಜನಮೂರ್ತಿ ಈ ಪ್ರತಿಜ್ಞೆ ಮಾಡಿದ. ಕೇಳಿಸಿಕೊಂಡಿದ್ದು ಇಬ್ಬರೇ. ಒಂದು, ಹೆಂಡತಿ ಪಿಳ್ಳಮ್ಮ. ಇನ್ನೊಂದು, ಕಾರು. ಕಾರು ಬೆಳಿಗ್ಗೆಯಿಂದಲೂ ಮಾತಾಡಿರಲಿಲ್ಲ. ಪಿಳ್ಳಮ್ಮ ಮಾತಾಡಿದಳು.

"ಅದೆಲ್ಲಾ ಆಮೇಲೆ ಕಕ್ಕಿಸೋರಂತೆ. ಶುಕ್ರವಾರ ಗಂಗಾ ಸೀಮಂತಕ್ಕೆ ಹೊಸಕೋಟೆಗೆ ಹೋಗ್ಬೇಕು. ಕಾರಲ್ಲೇ ಬರ್ತೀವಿ ಅಂತ ತವರು ಮನೆಗೆಲ್ಲಾ ಹೇಳಿಟ್ಟಿದ್ದೀನಿ. ಅದನ್ನ ನೆನಪಿಟ್ಕೊಳ್ಳಿ."

ಗಂಗಾ ಪಿಳ್ಳಮ್ಮನ ತಂಗಿಯ ಮಗಳು. ಸೆಕೆಂಡ್ ಹ್ಯಾಂಡ್ ಕಾರು ಕೊಂಡು ಎಂಟು ತಿಂಗಳಾದರೂ ಅದು ಇನ್ನೂ ಪಿಳ್ಳಮ್ಮನ ತವರಿನ ಕಣ್ಣಿಗೆ ಬಿದ್ದಿರಲಿಲ್ಲ. ಪ್ರತಿ ಸಲವೂ ಏನಾದರೊಂದು ಕೆಡುತ್ತಿತ್ತು. "ಇವಳ ಕಾರು ಫೋಟೋದಲ್ಲಿ ಮಾತ್ರ ಓಡುತ್ತೆ" ಎಂದು ಅವಳ ಅತ್ತಿಗೆ ನಾಲ್ಕು ಜನರ ಮುಂದೆ ಅಂದಿದ್ದಳು. ಆದ್ದರಿಂದ ಈ ಶುಕ್ರವಾರ ಬರೀ ಸೀಮಂತವಲ್ಲ, ಪಿಳ್ಳಮ್ಮನ ಮರ್ಯಾದೆಯ ಪ್ರಶ್ನೆ.

ಆಗಿದ್ದು ಇಷ್ಟು. ಕಾರಿನ ಹಳೆಯ ಪೆಟ್ರೋಲ್ ಪಂಪು, ಅಂದರೆ ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲು ಎಳೆದು ಕೊಡುವ ಮುಷ್ಟಿ ಗಾತ್ರದ ಸಾಮಾನು, ಸೋರತೊಡಗಿತ್ತು. ಅಂಜನಮೂರ್ತಿ ಇಂದಿರಾನಗರಕ್ಕೆ ಹೋಗಿ, ಎ.ಸಿ. ಹಾಕಿದ ಅಂಗಡಿಯಲ್ಲಿ, ಹೊಚ್ಚ ಹೊಸ ಕ್ರೆಡಿಟ್ ಕಾರ್ಡ್ ಉಜ್ಜಿಸಿ, ಹೊಚ್ಚ ಹೊಸ ಪಂಪು ತಂದ. ಮೆಕ್ಯಾನಿಕ್ಕನ್ನು ಕರೆಯಲಿಲ್ಲ. ಕೆ.ಆರ್. ಪುರದ ಕಡೆಯ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆಂಟು ವರ್ಷದಿಂದ ತಪಾಸಣೆ ವಿಭಾಗದಲ್ಲಿ ದುಡಿಯುತ್ತಿರುವವನು ನಾಲ್ಕು ನಟ್ಟು ಬಿಗಿಯಲು ಮೆಕ್ಯಾನಿಕ್ಕನ್ನು ಕರೆಯುವುದೆ? ತಾನೇ ಬಿಗಿದ. ಕೀ ತಿರುಗಿಸಿದ. ಕಾರು ಕೆಮ್ಮಿತು. ಮತ್ತೆ ತಿರುಗಿಸಿದ. ಕೆಮ್ಮುವುದನ್ನೂ ಬಿಟ್ಟಿತು.

ಬಿಚ್ಚಿ ವಾಪಸ್ ಒಯ್ದಾಗ ಅಂಗಡಿಯವನು ಬಿಲ್ಲಿನ ಕೆಳಗಿನ ಸಾಲು ತೋರಿಸಿ, ಮಾರಿದ ಸಾಮಾನು ವಾಪಸ್ ಇಲ್ಲ ಎಂದ. ಬೇರೆ ಯಾರಾದರೂ ಬೈದು ಮನೆಗೆ ಬರುತ್ತಿದ್ದರು. ಅಂಜನಮೂರ್ತಿ ಮನೆಗೆ ಬಂದು ಕಾರ್ಡಿನ ಜೊತೆ ಬಂದಿದ್ದ ಪುಸ್ತಕ ಓದಿದ. ಅಂಥ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿದ ಮನುಷ್ಯ ಬೆಂಗಳೂರಿನಲ್ಲಿ ಇವನೊಬ್ಬನೇ ಇರಬೇಕು. ಹದಿನೇಳನೇ ಪುಟದಲ್ಲಿ ಸಿಕ್ಕಿತು: ಈ ಕಾರ್ಡಿನಲ್ಲಿ ಕೊಂಡ ವಸ್ತು ತೊಂಬತ್ತು ದಿನದೊಳಗೆ ಹಾಳಾದರೆ, ದೋಷ ಸಾಬೀತಾದಲ್ಲಿ, ಹಣ ವಾಪಸ್!

"ದೋಷ ಸಾಬೀತು ಮಾಡೋದು ಯಾರ ಕೆಲಸ? ನನ್ನ ಕೆಲಸ!" ಎಂದು ಕೂಗಿದ. ಪುಸ್ತಕಕ್ಕೆ ಮುತ್ತಿಡುವುದೊಂದು ಬಾಕಿ.

ಅಂಜನಮೂರ್ತಿ ಈಗಿಲ್ಲ. ಈ ಮಾಘಕ್ಕೆ ವರ್ಷ ತುಂಬುತ್ತದೆ. ಇದ್ದಿದ್ದರೆ ಇಷ್ಟರೊಳಗೇ ಈ ಬರಹದಲ್ಲಿ ಮೂರು ತಪ್ಪು ಗುರುತು ಹಾಕಿ, ಪುಟದ ಸಂಖ್ಯೆ ಹದಿನೇಳಲ್ಲ ಹತ್ತೊಂಬತ್ತು ಎಂದು ವಾದಕ್ಕೆ ಕೂರುತ್ತಿದ್ದ. ಕೂರಲಿ ಎನ್ನಿಸುತ್ತದೆ. ಕಥೆ ಮುಂದುವರಿಯಬೇಕು.

ಸೋಮವಾರ ಬ್ಯಾಂಕಿಗೆ ಫೋನು ಮಾಡಿದ. ಒಂದು ಒತ್ತಿ, ಎರಡು ಒತ್ತಿ, ನಕ್ಷತ್ರ ಒತ್ತಿ, ಇಪ್ಪತ್ತು ನಿಮಿಷ ಪಿಟೀಲು ಕೇಳಿದ ಮೇಲೆ ಒಂದು ಹೆಣ್ಣು ದನಿ ಬಂತು.

"ಸರ್, ಐಟಂ ಕಳ್ಳತನ ಆಯ್ತಾ?"

"ಇಲ್ಲಮ್ಮ."

"ಬೆಂಕಿ ಬಿತ್ತಾ ಸರ್?"

"ಇನ್ನೂ ಬಿದ್ದಿಲ್ಲ. ಹೊಟ್ಟೆಗೆ ಮಾತ್ರ ಬಿದ್ದಿದೆ. ಪಂಪು ಕೆಲಸ ಮಾಡ್ತಿಲ್ಲ ತಾಯಿ!"

ಶುಕ್ರವಾರ ಬೆಳಿಗ್ಗೆ ಎಂಟು ಗಂಟೆಗೆ ದೋಷ ನೋಡಿ ವರದಿ ಬರೆಯುವ ಸರ್ವೇಯರ್ ಬರುತ್ತಾರೆ, ಅಲ್ಲಿಯವರೆಗೆ ಪಂಪು, ಡಬ್ಬ, ಬಿಲ್ಲು ಮೂರನ್ನೂ ಜೋಪಾನ ಮಾಡಿ, ಕಾರಿಗೆ ಬೇರೆ ಪಂಪು ಹಾಕಬೇಡಿ ಎಂದಳು. ಪಿಳ್ಳಮ್ಮ ಹಣೆ ಚಚ್ಚಿಕೊಂಡಳು.

"ಬೇರೆ ಪಂಪ್ ಹಾಕ್ಸಿ ಅಂತ ನಾನು ಹೇಳ್ತಿದ್ರೆ, ಹಾಕ್ಬಾರ್ದು ಅಂತ ರೂಲ್ಸ್ ತಂದ್ರಾ?"

"ಎಂಟಕ್ಕೆ ಬರ್ತಾರೆ, ಕೆಟ್ಟಿದೆ ಅಂತ ಬರ್ಕೊಂಡು ಎಂಟೂವರೆಗೆ ಹೋಗ್ತಾರೆ. ಮೆಕ್ಯಾನಿಕ್ ಗೇಟಲ್ಲೇ ನಿಂತಿರ್ತಾನೆ. ಹತ್ತಕ್ಕೆ ಕಾರ್ ರೆಡಿ. ಹನ್ನೆರಡಕ್ಕೆ ನಿನ್ನ ಅತ್ತಿಗೆ ಮುಂದೆ ಹಾರನ್ ಹೊಡೀತೀನಿ ಕಣೆ!"

ಇಲ್ಲಿ ಆ ಮನೆಯ ಒಂದು ಪದ್ಧತಿ ಹೇಳಬೇಕು. ಕಾರ್ಖಾನೆಯಲ್ಲಿ ತಪ್ಪಿರುವ ಸಾಮಾನು ಕಂಡರೆ ಅಂಜನಮೂರ್ತಿ ಅದಕ್ಕೆ ಕೆಂಪು ಬಣ್ಣದ ಬೊಟ್ಟು ಇಡುತ್ತಿದ್ದ. ಬೊಟ್ಟು ಬಿದ್ದ ಮೇಲೆ ಅದು ಗುಜರಿಗೆ. ಅಪೀಲು ಇಲ್ಲ. ಮದುವೆಯಾದ ಎರಡನೇ ವರ್ಷ ಆ ಬಣ್ಣದ ಡಬ್ಬಿ ಮನೆಗೂ ಬಂತು. ಬಿರುಕು ಬಿಟ್ಟ ಬಕೆಟ್ಟಿಗೆ ಬೊಟ್ಟು, ಕಡ್ಡಿ ಮುರಿದ ಕೊಡೆಗೆ ಬೊಟ್ಟು, ತಳ ಸೀದ ಬಾಣಲೆಗೆ ಬೊಟ್ಟು. ಒಮ್ಮೆ ಪಿಳ್ಳಮ್ಮ ಮಾಡಿದ ಇಡ್ಲಿಯ ಕಡೆಗೂ ಡಬ್ಬಿ ತಿರುಗಿತ್ತು. ಅವಳು ನೋಡಿದ ನೋಟಕ್ಕೆ ಮುಚ್ಚಳ ತಾನಾಗಿಯೇ ಮುಚ್ಚಿಕೊಂಡಿತು. ಬೊಟ್ಟಿಟ್ಟಿದ್ದನ್ನು ಗುಜರಿ ಗಾಡಿಯವನಿಗೆ ಹಾಕುವುದು ಪಿಳ್ಳಮ್ಮನ ಪಾಲಿನ ಕೆಲಸ. ಇಪ್ಪತ್ತಾರು ವರ್ಷ ಒಂದು ದಿನವೂ ತಪ್ಪಿಸಿರಲಿಲ್ಲ.

ಬುಧವಾರ ಸಂಜೆ ಅಂಜನಮೂರ್ತಿ ಕೆಲಸದಿಂದ ಬಂದು, ಮೂರನ್ನೂ ಜೋಪಾನವಾಗಿಟ್ಟಿದ್ದ ಕಿಟಕಿಯ ಮೇಲೆ ನೋಡಿದ. ಡಬ್ಬವಿದೆ. ಬಿಲ್ಲಿದೆ. ಪಂಪಿಲ್ಲ!

"ಪಿಳ್ಳಮ್ಮಾ! ಪಂಪೆಲ್ಲೇ?"

"ಗುಜರಿಗೆ ಹಾಕ್ದೆ. ಒಂದು ಮಗ್ಗು ಕೊಟ್ಟ."

"ಗುಜರಿಗಾ! ಯಾರು ಹೇಳಿದ್ರು ನಿಂಗೆ?"

"ನೀವೇ. ಕೆಂಪು ಬೊಟ್ಟಿತ್ತಲ್ಲ!"

ಇತ್ತು. ಭಾನುವಾರ ಪಂಪನ್ನು ಬಿಚ್ಚಿದ ಕೋಪದಲ್ಲಿ, ಕೈ ತಾನಾಗಿಯೇ ಡಬ್ಬಿಯ ಕಡೆ ಹೋಗಿ, ಅಗಲವಾದ ಬೊಟ್ಟೊಂದನ್ನು ಇಟ್ಟುಬಿಟ್ಟಿತ್ತು. ಅಂಜನಮೂರ್ತಿ ಬಾಯಿ ತೆರೆದ. ಬೈಯಲು ತನ್ನದೇ ಕಾನೂನು ಅಡ್ಡ ಬಂತು. ಬಾಯಿ ಮುಚ್ಚಿ ಚಪ್ಪಲಿ ಮೆಟ್ಟಿದ.

ಗಾಡಿಯವನನ್ನು ಹುಡುಕಿದ್ದಾಯಿತು. ಕಾರಿನ ಸಾಮಾನೆಲ್ಲ ಶಿವಾಜಿನಗರದ ಅಹ್ಮದ್ ಪಾಷಾ ಅಂಗಡಿಗೆ ಹೋಗುತ್ತದೆ ಎಂದು ಅವನು ಹೇಳಿದ. ಗುರುವಾರ ಅರ್ಧ ದಿನ ರಜೆ ಹಾಕಿ, ಬಸ್ಸು ಹಿಡಿದು, ಸೈಲೆನ್ಸರುಗಳ ಕಾಡಿನಲ್ಲಿ, ಸ್ಟಿಯರಿಂಗುಗಳ ತೋರಣದ ಕೆಳಗೆ ಬಗ್ಗಿ ಒಳಗೆ ಹೋದ. ಪಾಷಾ ಚಹಾ ಕುಡಿಯುತ್ತ ಕೂತಿದ್ದ. ಅವನ ತಲೆಯ ಹಿಂದಿನ ಹಲಗೆಯ ಮೇಲೆ, ಒರೆಸಿ ಥಳಥಳ ಹೊಳೆಯುತ್ತ, ಹಣೆಯಲ್ಲಿ ಕೆಂಪು ಬೊಟ್ಟಿಟ್ಟುಕೊಂಡು, ಮದುಮಗಳ ಹಾಗೆ ಕೂತಿತ್ತು ಪಂಪು!

"ಅದು ಕೊಡಿ ಪಾಷಾ ಭಾಯ್."

"ಆವೋ ಸಾಬ್! ಒಳ್ಳೇ ಕಣ್ಣು ನಿಮ್ದು. ಹೊಸಾದೇ ಅದು. ನಾನೇ ಬಿಚ್ಚಿ ನೋಡಿ ಕ್ಲೀನ್ ಮಾಡಿದೀನಿ. ಫಸ್ಟ್ ಕ್ಲಾಸ್ ಓಡ್ತದೆ."

ಅಂಜನಮೂರ್ತಿ ಚಾಚಿದ ಕೈ ಹಿಂದಕ್ಕೆ ತೆಗೆದ.

"ಓಡುತ್ತಾ? ಓಡಲ್ಲ ರೀ ಅದು! ಕೆಟ್ಟಿದೆ!"

"ಯಾರು ಹೇಳಿದ್ದು ನಿಮ್ಗೆ? ಗ್ಯಾರಂಟಿ ಕೊಡ್ತೀನಿ ಸಾಬ್."

"ನಿಮ್ಮ ಗ್ಯಾರಂಟಿ ಬೇಡ. ನಂಗೆ ಕೆಟ್ಟಿರೋ ಪಂಪೇ ಬೇಕು!"

ಪಾಷಾ ಚಹಾದ ಲೋಟ ಕೆಳಗಿಟ್ಟ. ನಲವತ್ತು ವರ್ಷದ ವ್ಯಾಪಾರದಲ್ಲಿ ಇಂಥ ಗಿರಾಕಿ ಬಂದಿರಲಿಲ್ಲ.

"ಅರೇ ಸಾಬ್, ಕೆಟ್ಟಿದ್ದೇ ಬೇಕಂದ್ರೆ ಇಡೀ ಅಂಗಡಿ ನಿಮ್ದೇ, ಒಂದು ಮೂಟೆ ತಗೊಂಡ್ಹೋಗಿ. ಈ ಅಂಗಡೀಲಿ ಚೆನ್ನಾಗಿರೋದು ಇದೊಂದೇ. ಇದ್ನೇ ಕೆಟ್ಟಿದೆ ಅಂತೀರಲ್ಲ!"

ಗುಜರಿಯವನು ತನ್ನ ಸಾಮಾನನ್ನು ಹೊಗಳದೆ ತೆಗಳುತ್ತಾನೆಯೆ ಎಂದು ಅಂಜನಮೂರ್ತಿ ಸಮಾಧಾನ ಮಾಡಿಕೊಂಡ. ಒಂದು ಮಗ್ಗಿಗೆ ಹೋದದ್ದನ್ನು ಮುನ್ನೂರು ರೂಪಾಯಿಗೆ ಬಿಡಿಸಿಕೊಂಡು, ಮಗುವಿನ ಹಾಗೆ ಎದೆಗಪ್ಪಿ ಬಸ್ಸಿನಲ್ಲಿ ತಂದ.

ಶುಕ್ರವಾರ ಸರ್ವೇಯರ್ ಬಂದಾಗ ಗಂಟೆ ಎಂಟಲ್ಲ, ಹತ್ತೂಕಾಲು. ಪಿಳ್ಳಮ್ಮ ರೇಷ್ಮೆ ಸೀರೆ ಉಟ್ಟು, ಬಳೆ, ಹೂವು, ಹಣ್ಣಿನ ತಟ್ಟೆಗಳ ಸಮೇತ ಒಂಬತ್ತಕ್ಕೇ ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದಳು. ಓಡದ ಕಾರಿನಲ್ಲಿ ಕೂತು ಅವಳು ನಡೆಸುತ್ತಿದ್ದುದು ಪ್ರಯಾಣವಲ್ಲ, ಸತ್ಯಾಗ್ರಹ. ಮೆಕ್ಯಾನಿಕ್ ಕಾದು ಕಾದು ಬೇರೆ ಕೆಲಸಕ್ಕೆ ಹೋಗಿದ್ದ.

ಸರ್ವೇಯರ್ ಭಗವಂತರಾಯರು ಕಲಬುರಗಿ ಕಡೆಯವರು. ಎತ್ತರದ ಆಳು, ಮೆಲ್ಲನೆಯ ಮಾತು.

"ನಮಸ್ಕಾರ್ರೀ. ತಡ ಆತು. ಪಂಪ್ ಎಲ್ಲದರೀ?"

ಅಂಜನಮೂರ್ತಿ ಕಡತ ಬಿಚ್ಚಿದ. ಮೂರು ಪ್ರತಿಯಲ್ಲಿ ಮನವಿ. ಬಿಲ್ಲು. ಪಂಪಿನ ಒಳಭಾಗದ ಚಿತ್ರ, ಸ್ಕೇಲಿಟ್ಟು ಬರೆದದ್ದು. ಕೊನೆಗೆ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಟ್ಟ ಡಬ್ಬ.

"ಇದೆಲ್ಲಾ ಇರ್ಲಿ ಬಿಡ್ರೀ. ನನ್ನ ಕಣ್ಣ ಮುಂದ ಒಮ್ಮೆ ಹಚ್ಚಿ ತೋರಸ್ರಿ."

"ಧಾರಾಳವಾಗಿ! ನಿಮ್ಮ ಕಣ್ಣಾರೆ ನೋಡಿ ಸಾರ್, ಎಂಥ ದರಿದ್ರ ಪಂಪು ಅಂತ!"

ಬಿಗಿದ. ಪೈಪು ಸಿಕ್ಕಿಸಿದ. ಸೀಟಿನಲ್ಲಿ ಕೂತು, ಭಗವಂತರಾಯರ ಕಡೆ ವಿಜಯದ ನಗೆ ಬೀರಿ, ಕೀ ತಿರುಗಿಸಿದ.

ಕಾರು ಒಂದೇ ಏಟಿಗೆ ಸ್ಟಾರ್ಟ್ ಆಯಿತು!

ಬರೀ ಸ್ಟಾರ್ಟ್ ಅಲ್ಲ. ಎಂಟು ತಿಂಗಳಲ್ಲಿ ಎಂದೂ ಕೇಳದ ಇಂಪಾದ ದನಿಯಲ್ಲಿ ಗುನುಗತೊಡಗಿತು. ಅಂಜನಮೂರ್ತಿಯ ಮುಖ ಸುಟ್ಟ ಬದನೆಕಾಯಿಯಾಯಿತು.

"ಸಾರ್, ಇದು ನಾಟಕ ಆಡ್ತಿದೆ. ಇನ್ನೊಂದ್ಸಲ ನೋಡೋಣ." ಆರಿಸಿದ. ತಿರುಗಿಸಿದ. ಸ್ಟಾರ್ಟ್! ಮತ್ತೆ ಆರಿಸಿದ. ಮತ್ತೆ ಸ್ಟಾರ್ಟ್! "ಐದು ನಿಮಿಷ ಬಿಟ್ಟು ನೋಡೋಣ ಸಾರ್, ಖಂಡಿತಾ ಕೆಡುತ್ತೆ. ದಯವಿಟ್ಟು!"

"ರೀ!" ಹಿಂದಿನ ಸೀಟಿನಿಂದ ಬಂತು ಗುಡುಗು. "ಇನ್ನೊಂದ್ಸಲ ಆಫ್ ಮಾಡಿದ್ರೆ ನೋಡಿ! ಕಾರ್ ಸ್ಟಾರ್ಟ್ ಆಯ್ತು ಅಂತ ಅಳೋ ಗಂಡಸನ್ನ ಇವತ್ತೇ ನೋಡ್ತಿರೋದು ನಾನು. ಹೊಸಕೋಟೆಗೆ ಹೊರಡಿ!"

"ಹೊಸಕೋಟಿ ಕಡೆ ಹೊಂಟೀರೇನ್ರೀ ತಂಗಿ?" ಎಂದರು ಭಗವಂತರಾಯರು. "ಹಂಗಾದ್ರ ನನ್ನ ಕೆ.ಆರ್. ಪುರಂದಾಗ ಇಳಿಸ್ರಿ. ಅಲ್ಲೊಂದು ಫ್ರಿಜ್ ಕೇಸ್ ಅದ. ಫಾರ್ಮ್ ದಾರ್ಯಾಗ ಬರೀತೀನಿ."

ಕಾರು ಕಲ್ಯಾಣ ನಗರ ದಾಟಿ ರಿಂಗ್ ರೋಡ್ ಹತ್ತಿತು. ಪಕ್ಕದಲ್ಲಿ ಕೂತ ಭಗವಂತರಾಯರು ಕನ್ನಡಕ ಏರಿಸಿ, ಅಂಜನಮೂರ್ತಿ ಸಾಕ್ಷಿಯಾಗಿ ಕೊಟ್ಟಿದ್ದ ಡಬ್ಬವನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಏನ್ರೀ ಮೂರ್ತಿಯವ್ರ, ಪಂಪಿನ ಬಾಯಾಗ ಪ್ಲಾಸ್ಟಿಕ್ ಬಿರಡೆ ಇರ್ತದ, ಹಚ್ಚೂಕಿಂತ ಮೊದ್ಲು ತಗೀರಿ ಅಂತ ಇಲ್ಲಿ ಚಿತ್ರ ಸಮೇತ ಹಾಕ್ಯಾರಲ್ರೀ. ಅವತ್ತ ತಗದಿದ್ರಿ?"

ಅಂಜನಮೂರ್ತಿ ಸುಮ್ಮನೆ ಒಂದು ಹಾರನ್ ಹೊಡೆದ. ಧೂಳು ಹೋಗದಿರಲೆಂದು ಹಾಕಿದ್ದ ಆ ಬಿರಡೆಯನ್ನು ಪಾಷಾ ಒರೆಸುವಾಗಲೇ ಕಿತ್ತೆಸೆದಿದ್ದ ಎಂಬುದು ಅವನಿಗೆ ಈಗ ಹೊಳೆಯಿತು. ಬ್ಯಾಂಕಿನ ಪುಸ್ತಕ ಪೂರ್ತಿ ಓದಿದವನು ಡಬ್ಬದ ಮೇಲಿನ ಎರಡು ಸಾಲು ಓದಿರಲಿಲ್ಲ.

"ಹೋಗ್ಲಿ ಬಿಡ್ರೀ," ಎಂದರು ಭಗವಂತರಾಯರು, ಬಹಳ ಸೌಜನ್ಯದಿಂದ. ಪೆನ್ನಿನ ಕ್ಯಾಪು ತೆಗೆದು ಮೊಣಕಾಲಿನ ಮೇಲೆ ಫಾರಂ ಹರಡಿದರು. "ಆದ್ರ ನಾನು ಕಾಲಂ ಖಾಲಿ ಬಿಡೂ ಹಂಗಿಲ್ಲ. ದೋಷ ಯಾವ ಭಾಗದಾಗ ಅದ ಅಂತ ಕೇಳ್ಯಾರ. ಏನಂತ ಬರೀಲ್ರೀ?"

ಹಿಂದಿನ ಸೀಟಿನಲ್ಲಿ ಬಳೆಗಳು ಸದ್ದು ಮಾಡಿದವು.

"ಮುಂದಿನ ಸೀಟು, ಬಲಗಡೆ," ಎಂದಳು ಪಿಳ್ಳಮ್ಮ. "ಸ್ಟಿಯರಿಂಗ್ ಹಿಡ್ಕೊಂಡಿದೆ ಅಂತ ಬರ್ಕೊಳ್ಳಿ ಸಾರ್."